ಪಾಸ್ ಔಟ್ ಆದವರ ಪಟ್ಟಿ

‘ಈ ವರ್ಷ ಡಿಗ್ರಿ ಪಾಸ್ ಔಟ್ ಆದೆ ಸಾ’ ಎಂದು ಯಾರಾದರೂ ಸಿಹಿ ಹಿಡಿದುಕೊಂಡು ಬಂದರೆ ಶಿವಮಲ್ಲಪ್ಪ ಮೇಷ್ಟ್ರು ಮೊದಲು ಅವರ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದರು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಎಣಿಸಿ, ‘ಬಡ್ಕತಾ ಅದ. ಪರ್ವಾಗಿಲ್ಲ, ಕೂತ್ಕೊ’ ಎನ್ನುತ್ತಿದ್ದರು. ನನ್ನ ನಾಡಿಯನ್ನೂ ಹಾಗೆಯೇ ನೋಡಿದ್ದರು. ಅವರ ಬೆರಳುಗಳು ಬೇಸಿಗೆಯಲ್ಲೂ ತಣ್ಣಗಿದ್ದವು. ನಗು ಬಂದಿದ್ದು ನಿಜ. ಆದರೆ ಅವರು ಎಣಿಸುತ್ತಿದ್ದಾಗ, ಒಂದು ವೇಳೆ ಸಿಗದೇ ಹೋದರೆ ಏನು ಗತಿ ಎಂಬ ಅಳುಕೂ ಸುಳಿದು ಹೋಗಿತ್ತು.

ಮೇಷ್ಟ್ರು ಯಳಂದೂರು ಕಡೆಯ ಮಾಂಬಳ್ಳಿಯವರು. ಹನೂರಿನ ನಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಹೆಂಡತಿ ನೀಲಮ್ಮನವರೊಂದಿಗೆ ಕೊಳ್ಳೇಗಾಲದಲ್ಲಿ ನೆಲೆಸಿದ್ದರು. ನಾನು ಕೌದಳ್ಳಿಯಿಂದ ಬಸ್ಸಿನಲ್ಲಿ ಬಂದು ಅವರ ಕೈಯಲ್ಲಿ ಕಲಿತವಳು. ಈಗ ಅದೇ ಶಾಲೆಯಲ್ಲಿ ಅತಿಥಿ ಶಿಕ್ಷಕಿ.

ಇಂಗ್ಲಿಷಿನಲ್ಲಿ ಕ್ರಿಯಾಪದದ ಬೆನ್ನಿಗೆ ಒಂದು ಪುಟ್ಟ ಪದ ಬಂದು ಕೂತು ಅರ್ಥವನ್ನೇ ತಿರುಗಿಸಿಬಿಡುತ್ತದಲ್ಲ, ಅದೆಂದರೆ ಮೇಷ್ಟ್ರಿಗೆ ಪ್ರಾಣ. ಅವರ ಬಳಿ ಮೂರು ನಿಘಂಟುಗಳಿದ್ದವು. ಒಂದು ರಟ್ಟು ಕಿತ್ತುಹೋದ ಬಹಳ ಹಳೆಯದು, ಇನ್ನೊಂದು ಅವರು ಓದುವಾಗ ಕೊಂಡದ್ದು, ಮತ್ತೊಂದು ಹೊಸದು. ಮೂರನ್ನೂ ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟು ‘ಪಾಸ್ ಔಟ್’ ಪಾಠ ಮಾಡುತ್ತಿದ್ದರು. ಮೊದಮೊದಲು ಅದಕ್ಕೆ ಹೊರಗೆ ಹೋಗು ಎಂಬಷ್ಟೇ ಅರ್ಥ. ಆಮೇಲೆ ತರಬೇತಿ ಮುಗಿಸಿದ ಸಿಪಾಯಿಗಳು ಸಾಲುಗಟ್ಟಿ ಹೊರಬೀಳುವುದಕ್ಕೂ ಅದೇ ಮಾತಾಯಿತು. ಹೆಚ್ಚು ಕಡಿಮೆ ಅದೇ ಕಾಲಕ್ಕೆ, ಸತ್ತರು ಎನ್ನಲು ನಾಲಗೆ ಬಾರದವರು ಪಾಸ್ಡ್ ಔಟ್ ಎನ್ನತೊಡಗಿದರು. ಅದಾದ ಮೇಲೆ ಎಚ್ಚರ ತಪ್ಪಿ ಬಿದ್ದವರಿಗೂ ಅದೇ. ಓದು ಮುಗಿಸಿದವರೆಲ್ಲ ಪಾಸ್ ಔಟ್ ಆಗುವುದು ಮಾತ್ರ ನಮ್ಮ ದೇಶದ ರೂಢಿ.

‘ಇಂಗ್ಲೆಂಡಿನವ್ನ ಮುಂದ ನಾನು ಕಾಲೇಜಲ್ಲಿ ಪಾಸ್ ಔಟ್ ಆದಿ ಅಂತ ಏಳ್ ನೋಡು. ಮಕುಕ್ಕ ನೀರು ಚುಮುಕ್ಸಿದ್ರಾ ಅಂತ ಕೇಳ್ತಾನ’ ಎಂದು ನಮ್ಮನ್ನು ನಗಿಸಿ, ನಗು ಮುಗಿಯುವ ಮೊದಲೇ ದನಿ ತಗ್ಗಿಸುತ್ತಿದ್ದರು. ‘ಬಾಗಿಲು ಒಂದೇಯ ಕಣ್ರಪ್ಪ. ಅವ್ನೇ ನಡ್ಕಂಡು ಓದ್ನಾ, ನಾಕ್ ಜನ ಒತ್ಕಂಡು ಓದ್ರಾ, ಅದ ನೋಡ್ಕಬೇಕು.’

ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಹಳೆಯ ಉಗ್ರಾಣ ಖಾಲಿ ಮಾಡುವಾಗ ಒಂದು ದಪ್ಪ ರಿಜಿಸ್ಟರ್ ಸಿಕ್ಕಿತು. ಮೊದಲ ಹಾಳೆಗಳನ್ನು ಗೆದ್ದಲು ತಿಂದಿತ್ತು. ಕೊನೆಯ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯಾಗಿದ್ದವು. ನಡುವಿನ ಹಾಳೆಗಳಲ್ಲಿ ಚೆಂದದ ಇಂಗ್ಲಿಷ್ ಕೈಬರಹ: ಹೆಸರು, ಊರು, ಅದರ ಮುಂದೆ ‘ಪಾಸ್ಡ್ ಔಟ್’. ಹೆಡ್‌ಮಾಸ್ಟರು ಹಿಗ್ಗಿಹೋದರು.

‘ಮದ್ರಾಸ್ ಸರ್ಕಾರದ ಕಾಲದ ಹಳೇ ವಿದ್ಯಾರ್ಥಿಗಳು ಮೇಡಂ! ವಾರ್ಷಿಕೋತ್ಸವದ ದಿವ್ಸ ಎಲ್ರ ಹೆಸ್ರೂ ಓದ್ಬುಡಿ. ಊರೋರ್ಗೂ ಹೆಮ್ಮೆ ಆಯ್ತದೆ.’

ಓದುವ ಕೆಲಸ ನನ್ನ ಪಾಲಿಗೆ ಬಂತು. ಬೆಳಗಿನ ಹನ್ನೊಂದು ಗಂಟೆ, ಶಾಲೆಯ ಅಂಗಳದಲ್ಲಿ ಶಾಮಿಯಾನ, ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಮೇಷ್ಟ್ರು. ನಾನು ‘ಮಹದೇವ, ಅಜ್ಜೀಪುರ’ ಎಂದೆ. ಹಿಂದಿನ ಸಾಲಿನಿಂದ ಒಂದು ಮಗು ಎದ್ದು ನಿಂತು ‘ಪ್ರೆಸೆಂಟ್ ಮಿಸ್!’ ಎಂದಿತು. ಸಭೆಯೆಲ್ಲ ನಗು. ‘ನಂಜುಂಡ’ ಎಂದೆ. ‘ಪ್ರೆಸೆಂಟ್ ಮಿಸ್!’ ‘ಮಾದೇವಿ.’ ‘ಪ್ರೆಸೆಂಟ್ ಮಿಸ್!’ ಅಜ್ಜ ಅಜ್ಜಿಯರ ಹೆಸರನ್ನೇ ಮಕ್ಕಳಿಗಿಡುವ ಸೀಮೆ ನಮ್ಮದು, ಅದರಲ್ಲಿ ಸೋಜಿಗವೇನೂ ಇರಲಿಲ್ಲ. ಆದರೂ ಅಷ್ಟು ಹಳೆಯ ಹೆಸರುಗಳಿಗೆ ಒಂದಾದ ಮೇಲೊಂದು ಎಳೆಯ ದನಿಗಳು ಓಗೊಡುತ್ತ ಹೋದಂತೆ ನನ್ನ ದನಿ ತಾನಾಗಿಯೇ ತಗ್ಗಿತು.

‘ದೊಡ್ಡತಾಯಮ್ಮ, ಮಾಂಬಳ್ಳಿ.’

ಯಾರೂ ಏಳಲಿಲ್ಲ. ಎದ್ದದ್ದು ಮೇಷ್ಟ್ರು. ವೇದಿಕೆ ಹತ್ತಿ ಬಂದು ಹಾಳೆಯ ಮೇಲೆ ಅಂಗೈ ಊರಿದರು.

‘ಸಾಕು ನಿಲ್ಸವ್ವ. ಇದು ಇಸ್ಕೂಲಿನ ಪಟ್ಟಿ ಅಲ್ಲ. ಆ ಕಾಲ್ದಲ್ಲಿ ಇಷ್ಟೊಂದು ಎಂಗಸ್ರು ಇಲ್ಲಿಗ ಓದಕ್ಕ ಬತ್ತಿದ್ರಾ?’

ನನಗದು ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಸಭೆಯಲ್ಲಿದ್ದ ಮುದುಕರೊಬ್ಬರು ಕೂತಲ್ಲಿಂದಲೇ ಕೂಗಿದರು: ‘ಇಸ್ಕೂಲು ಕಟ್ಟದ್ಕ ಮುಂಚ ಇಲ್ಲಿ ಪಿಳೇಗಿನ ಶೆಡ್ಡಿತ್ತಂತ ನಮ್ಮಪ್ಪ ಏಳೋರು ಸಾ!’ ಹೆಡ್‌ಮಾಸ್ಟರು ತಬ್ಬಿಬ್ಬಾಗಿ ಎಲ್ಲರನ್ನೂ ಎಬ್ಬಿಸಿ, ಪ್ಲೇಗಿನಲ್ಲಿ ಸತ್ತವರಿಗಾಗಿ ಎರಡು ನಿಮಿಷ ಮೌನ ಮಾಡಿಸಿದರು. ಪ್ರೆಸೆಂಟ್ ಎಂದಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದವು.

ಮೇಷ್ಟ್ರು ಆ ದಿನ ಅತ್ತರು. ಸಂತೋಷಕ್ಕೆ ಅತ್ತದ್ದು. ದೊಡ್ಡತಾಯಮ್ಮ ಅವರ ತಾತನ ತಾಯಿ. ಮಾದಪ್ಪನ ಬೆಟ್ಟಕ್ಕೆಂದು ಜನರ ಜೊತೆ ನಡೆದು ಹೋದವಳು ತಿರುಗಿ ಬರಲಿಲ್ಲ. ದಾರಿಯಲ್ಲಿ ಯಾವನದೋ ಜೊತೆ ಓಡಿಹೋದಳು ಎಂದು ಮನೆಯವರು ಹೇಳಿಕೊಂಡು ಬಂದಿದ್ದರು. ಮೂರು ತಲೆಮಾರು ಆ ಹೆಸರನ್ನು ಯಾರೂ ಎತ್ತಿರಲಿಲ್ಲ. ಹಿರಿಯರ ಹಬ್ಬದಲ್ಲಿ ಎಲ್ಲರಿಗೂ ಎಡೆ, ಅವಳಿಗೆ ಮಾತ್ರ ಇಲ್ಲ.

‘ಓಡೋಗಿರ್ನಿಲ್ಲ ಕಣವ್ವ ನಮ್ಮಜ್ಜಿ, ಸತ್ತೋಗಿತ್ತು!’ ಎಂದು ಅವರು ಕಣ್ಣೊರೆಸಿಕೊಂಡ ರೀತಿ ಈಗಲೂ ನೆನಪಿದೆ. ರಿಜಿಸ್ಟರನ್ನು ಕೇಳಿ ಮನೆಗೆ ಒಯ್ದರು. ಆ ವರ್ಷ ಮಾಂಬಳ್ಳಿಯ ಮನೆಯಲ್ಲಿ ದೊಡ್ಡತಾಯಮ್ಮನಿಗೂ ಒಂದು ಎಲೆ ಹಾಕಿದರು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಮೇಷ್ಟ್ರ ಫೋನ್ ಬಂತು. ‘ಒಂದ್ಗಳ್ಗ ಬಂದೋಗವ್ವ’ ಎಂದಷ್ಟೇ. ಕೊಳ್ಳೇಗಾಲಕ್ಕೆ ಹೋದೆ. ಅಂಟಿಕೊಂಡಿದ್ದ ಕೊನೆಯ ಹಾಳೆಗಳನ್ನು ಅವರು ಇಡ್ಲಿ ಪಾತ್ರೆಯ ಆವಿಗೆ ಹಿಡಿದು, ದಿನಕ್ಕೊಂದರಂತೆ ಬಿಡಿಸಿದ್ದರು. ಅದೇ ಕೈಬರಹ, ಅದೇ ಶಾಯಿ, ಬೇರೆ ಹೆಸರುಗಳು. ಪ್ರತಿ ಹೆಸರಿನ ಮುಂದೆಯೂ ‘ಡೈಡ್’ ಎಂದು ಬರೆದಿತ್ತು.

‘ನೋಡು. ಸತ್ತೋರ್ಗ ಸತ್ರು ಅಂತ್ಲೇ ಬರ್ದವ್ನ ಗುಮಾಸ್ತ. ಅವ್ನ ಕೈಲಿ ಪಾಸ್ಡ್ ಔಟ್ ಅಂದ್ರ ಮೊದಲ್ನೇ ಅರ್ಥ. ವಾಸಿಯಾಗಿ ಈಚ್ಗ ಬಂದೋರು. ಬದ್ಕಿದ್ದೋರ್ಗ ನಾವು ಎದ್ದುನಿಂತು ಮೌನ ಮಾಡುದ್ವಲ್ಲವ್ವ.’

ಮೇಷ್ಟ್ರು ಹಳೆಯ ನಿಘಂಟನ್ನು ಮುಚ್ಚಿ, ಬಾಗಿಲಿನಾಚೆ ನೋಡುತ್ತ ಕೇಳಿದರು: ‘ಹಂಗಾರ ನಮ್ಮಜ್ಜಿ ನಡ್ಕಂಡು ಓಗವಳ. ಎಲ್ಗ?’

ಅದನ್ನು ಕೇಳಲು ನಾವಿಬ್ಬರೂ ಅಜ್ಜೀಪುರಕ್ಕೆ ಹೋದೆವು. ಪಟ್ಟಿಯಲ್ಲಿದ್ದ ಮಹದೇವನ ಮಗಳು ಮಾದಮ್ಮ ಅಲ್ಲಿ ಇನ್ನೂ ಇದ್ದರು. ತೊಂಬತ್ತು ದಾಟಿದ ಜೀವ. ಜಗುಲಿಯ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು.

‘ನಮ್ಮಪ್ಪ ಆ ಶೆಡ್ಡಿಂದ ಎದ್ಬಂದವ್ನೇಯ. ಆದ್ರ ಊರೊಳಕ್ಕ ಸೇರುಸ್ನಿಲ್ಲ’ ಎಂದರು ಮಾದಮ್ಮ. ‘ಶೆಡ್ಡಿಗ ಓದ್ರು ಅಂದ್ರ ಸತ್ರು ಅಂತ್ಲೇಯ. ತಿಥಿನೂ ಮಾಡ್ಬುಟ್ಟಿದ್ರು. ತಿಥಿ ಮಾಡುದ್ಮೇಲ ಬಂದು ಬಾಗ್ಲಲ್ಲಿ ನಿಂತು ಕೂಗುದ್ರ ಯಾರು ಅಂತ ತಿಳ್ಕಬೇಕಪ್ಪ? ಆರು ತಿಂಗ್ಳು ಒಲದಲ್ಲೇ ಬಿದ್ದಿದ್ನಂತ.’

‘ಅವ್ರ ಜೊತ್ಗ ಎಳಂದೂರು ಕಡೆ ಎಂಗ್ಸು ಯಾರಾರ ಬಂದಿದ್ರಾ ಅವ್ವ?’ ಮೇಷ್ಟ್ರ ದನಿ ಸಣ್ಣಗಾಗಿತ್ತು.

ಮಾದಮ್ಮ ಚಾಚಿದ್ದ ಕಾಲು ಮಡಚಿಕೊಂಡರು. ‘ಒಬ್ಬಳ ಇಚಾರ ಅಪ್ಪ ಏಳ್ತಿದ್ದ. ಈಚ್ಗ ಬಿಟ್ ತಕ್ಷಣ ಊರ್ಗ ಓದ್ಲಂತ. ಮಟಮಟ ಮಧ್ಯಾನ ಬಾಗ್ಲಲ್ಲಿ ನಿಂತು ಮಗುನ್ ಹೆಸ್ರಿಡ್ದು ಕೂಗುದ್ಲಂತ. ಒಳಗಿದ್ದೋರು ಉಸ್ರು ಬುಡ್ನಿಲ್ಲ. ಕೂಗೀ ಕೂಗೀ ಸಾಕಾಗಿ, ತಿರುಗಿ ನಡ್ಕಂಡು ಬಂದು ಅಪ್ಪಂಗ ಇದ ಏಳಿ, ಬೆಟ್ಟದ ದಾರಿ ಹಿಡುದ್ಲಂತ.’

‘ಆಮೇಲ?’

‘ಆಮೇಲ ನಂಗೇನ್ ಗೊತ್ತಪ್ಪ.’

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಪಕ್ಕ ಕೂತರು. ಹನೂರು ಹತ್ತಿರವಾದಾಗ, ಕಿಟಕಿಯ ಕಡೆಯೇ ಮುಖ ಇಟ್ಟುಕೊಂಡು ಹೇಳಿದರು: ‘ನಮ್ಮ ತಾತ ಮಧ್ಯಾನ ಉಣ್ಣಕ್ಕ ಕೂತ್ರ ಬಾಗ್ಲು ಆಕ್ಸೋನು. ಯಾರು ಕೂಗುದ್ರೂ ಓಗೊಡಕೂಡ್ದು ಅನ್ನೋನು. ಕೂಗು ಕೇಳುದ್ರ ಅನ್ನದ ಕೈ ಹಂಗೇ ನಿಂತೋಗದು. ಮುದುಕುಂಗ ಅರಳು ಮರಳು ಅಂತ ನಾವು ನಗ್ತಿದ್ವಿ. ಅವತ್ತು ಅವ್ನು ಒಳಗಿದ್ದ ಕಣವ್ವ. ಕೇಳುಸ್ಕಂಡಿದ್ದ.’

ಮೇಷ್ಟ್ರು ತೀರಿಕೊಂಡು ಈಗ ಎಂಟು ತಿಂಗಳು. ಅವರು ಹೋಗುವುದಕ್ಕೆ ಹದಿನೈದು ದಿನ ಮುಂಚೆ ನಾನು ನೋಡಲು ಹೋಗಿದ್ದೆ. ನಡು ಮಧ್ಯಾಹ್ನ. ಬೀದಿ ಬಾಗಿಲು ಹಾರುಹೊಡೆದಿತ್ತು. ಮೇಷ್ಟ್ರೇ ಬಡಗಿಯನ್ನು ಕರೆಸಿ ಅದರ ಚಿಲಕ ಬಿಚ್ಚಿಸಿದ್ದಾರೆಂದು ನೀಲಮ್ಮನವರು ಹೇಳಿದರು. ಮೇಷ್ಟ್ರು ಸೊರಗಿದ್ದರು, ಆದರೆ ಮಾತು ಗಟ್ಟಿಯಾಗಿತ್ತು. ನನ್ನ ಮಕ್ಕಳ ಓದಿನ ವಿಚಾರ ಕೇಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ, ಬೀದಿಯ ಕಡೆ ಕಿವಿಗೊಟ್ಟು, ‘ಬಂದಿ, ಬಂದಿ’ ಎಂದು ಎದ್ದರು. ಹೊಸ್ತಿಲ ತನಕ ಹೋಗಿ ‘ಬಾರವ್ವ ಒಳಕ್ಕ, ಬಿಸುಲು’ ಎಂದರು. ಬೆತ್ತದ ಕುರ್ಚಿಯನ್ನು ನಡುಮನೆಗೆ ಎಳೆದು ಹಾಕಿದರು.

ಬೀದಿಯಲ್ಲಿ ಯಾರೂ ಇರಲಿಲ್ಲ. ನನಗೆ ಯಾವ ಕೂಗೂ ಕೇಳಿರಲಿಲ್ಲ. ನೀಲಮ್ಮನವರು ಅಡುಗೆಮನೆಯಿಂದ ಕಾಫಿ ತಂದರು. ಯಾರೆಂದು ಕೇಳಲಿಲ್ಲ. ನನಗೊಂದು, ಮೇಷ್ಟ್ರಿಗೊಂದು ಲೋಟ ಕೊಟ್ಟು, ಮೂರನೆಯದನ್ನು ಆ ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟು ಒಳಗೆ ಹೋದರು. ಮೇಷ್ಟ್ರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಹಿಂದೆ ಕಂಡಿರಲಿಲ್ಲ. ‘ಹೂಂ, ದೊಡ್ಡವ್ನು ಎಷ್ಟನೇ ಕ್ಲಾಸು ಅಂದಿ?’ ಎಂದು ಬಿಟ್ಟ ಮಾತನ್ನು ಮತ್ತೆ ಹಿಡಿದರು.

ಕಾಫಿ ಕುಡಿದು, ಹೇಳಿ ಹೊರಟೆ. ಬಾಗಿಲಿಗೆ ನೇರ ದಾರಿ ಆ ಕುರ್ಚಿಯ ಮುಂದೆ ಹಾದು ಹೋಗುತ್ತಿತ್ತು. ನಾನು ಸೆರಗು ಬಿಗಿಮಾಡಿಕೊಂಡು, ಗೋಡೆಯ ಪಕ್ಕದಲ್ಲಿ ಸುತ್ತಿಕೊಂಡು ಹೋದೆ.