ಏರಿ ಕಾಯುವ ಎರೆಕೆ ಚಹಾಕ್ಕೆ ಕೂರುವುದಿಲ್ಲ

ಬೆಳಕು ಹರಿಯುವ ಹೊತ್ತಿಗೆ ಎರ್ಮುಖಾನ್ ಏರಿಯ ಬುಡದಲ್ಲಿ ಮಂಡಿಯೂರಿ ಕೂತಿದ್ದಾರೆ. ಏರಿಯ ಆಚೆ ಯೆಸಿಲ್ ಹೊಳೆ ಮಂಜುಗಡ್ಡೆ ಒಡೆದುಕೊಂಡು ಹರಿಯುತ್ತಿದೆ. ಈಚೆ ಒಣಹುಲ್ಲಿನ ನಡುವೆ ನೀರು ಸಣ್ಣಗೆ ಜಿನುಗುತ್ತಿದೆ. ಅದನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಾರೆ. ತಿಳಿಯಾಗಿದ್ದರೆ ಭಯವಿಲ್ಲ. ಕದಡಿದ್ದರೆ ಏರಿಯ ಮಣ್ಣು ಒಳಗೊಳಗೇ ಕರಗುತ್ತಿದೆ ಎಂದೇ ಅರ್ಥ. ಇವತ್ತು ತಿಳಿಯಾಗಿದೆ. ಪ್ಯಾಂಟಿಗೆ ಕೈ ಒರೆಸಿಕೊಂಡು ಮುಂದಕ್ಕೆ ನಡೆಯುತ್ತಾರೆ.

ನಮ್ಮ ಊರು ಕೊಕ್ಜಾರಿನಲ್ಲಿ ಅವರನ್ನು ಗೌರವದಿಂದ ಎರೆಕೆ ಎನ್ನುತ್ತೇವೆ. ಚಳಿಗಾಲವಿಡೀ ಶಾಲೆಯ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ. ಹಿಮ ಕರಗಿ ಹೊಳೆ ಏರತೊಡಗಿದರೆ ಸಂಬಳವಿಲ್ಲದ ಈ ಇನ್ನೊಂದು ಕೆಲಸ. ದಿನಕ್ಕೆರಡು ಬಾರಿ ಏರಿಯ ಉದ್ದಕ್ಕೂ ನಡೆಯುತ್ತಾರೆ, ಊರವರನ್ನು ಎಬ್ಬಿಸಿ ನೂರಾರು ಮರಳಿನ ಚೀಲ ತುಂಬಿಸುತ್ತಾರೆ, ನಡೆಯಲಾಗದ ಮುದುಕರನ್ನು ಹೊತ್ತು ಟ್ರ್ಯಾಕ್ಟರಿಗೆ ಹತ್ತಿಸುತ್ತಾರೆ. ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯನ್ನು ನಿಂತುಕೊಂಡೇ ತಿನ್ನುತ್ತಾರೆ.

ಪ್ರವಾಹ ಇಳಿಯುವ ತನಕ ಯಾರ ಮನೆಯ ಹೊಸ್ತಿಲನ್ನೂ ಊಟಕ್ಕೆಂದು ತುಳಿಯುವುದಿಲ್ಲ. ಬಾಗಿಲಿಗೆ ಬಂದವರು ರೊಟ್ಟಿಯ ಒಂದು ಚೂರನ್ನಾದರೂ ಬಾಯಿಗೆ ಹಾಕದೆ ಹೋದರೆ ನಮ್ಮಲ್ಲಿ ಆ ಮನೆಗೇ ಅವಮಾನ. ಹಾಗಾಗಿ ಊರಿನ ಸೊಸೆಯಂದಿರು ಮುನಿಸಿಕೊಳ್ಳುತ್ತಾರೆ. “ನಮ್ಮನೆ ಚಹಾಕ್ಕೇನು ಇಲಿ ಪಾಷಾಣ ಹಾಕಿರ್ತೀವಾ ಎರೆಕೆ?” ಎಂದು ಚುಚ್ಚುವವರೂ ಇದ್ದಾರೆ. ಎರೆಕೆ ನಕ್ಕು ಮುಂದೆ ಹೋಗುತ್ತಾರೆ.

ಯಾಕೆ ಹೀಗೆ ಎಂದು ನಾನೂ ಕೇಳಿದೆ. “ಹೇಳೋಕೆ ನಾಚಿಕೆ ಆಗುತ್ತೆ,” ಎಂದರು. ಆಮೇಲೆ ಒಂದು ಮರಳಿನ ಚೀಲದ ಮೇಲೆ ಕೂತು ಹೇಳಿದರು.

ಕೆಲವು ವರ್ಷಗಳ ಹಿಂದಿನ ಮಾತು. ಏರಿ ಕಟ್ಟುತ್ತಿದ್ದವರಿಗೆಂದು ನಮ್ಮೂರಿನ ತಾಸ್ಬೊಲಾತ್ ಎಂಬವನು ತನ್ನ ಮನೆಯಲ್ಲಿ ಕುರಿ ಕೊಯ್ದಿದ್ದ. ಮಧ್ಯಾಹ್ನ ಎಲ್ಲರೂ ಕೈ ತೊಳೆದು ಕೂತರು. ಎರೆಕೆಗೆ ಬಾಗಿಲಿನಿಂದ ದೂರದ, ದೊಡ್ಡ ಮರ್ಯಾದೆಯ ಜಾಗ. ಕುರಿಯ ತಲೆಯೂ ಅವರ ಮುಂದೆಯೇ ಬಂತು. ಅಷ್ಟರಲ್ಲಿ ಏರಿಯ ಪಕ್ಕದ ಮನೆಯ ವಿಧವೆ, ಊರೆಲ್ಲ ಅಕ್ಕನೆಂಬಂತೆ ಅಪಾ ಎಂದು ಕರೆಯುವ ಬಗಿಲಾ ಓಡಿಬಂದು, ತನ್ನ ಹಿತ್ತಲಲ್ಲಿ ನೀರು ಕದಡಿ ಬರುತ್ತಿದೆ ಎಂದು ಕಿಟಕಿಯಾಚೆಯಿಂದ ಕೂಗಿದಳು. ತಲೆ ಪಡೆದವರು ಅದನ್ನು ಕೊಯ್ದು ಎಲ್ಲರಿಗೂ ಹಂಚಬೇಕು, ಅರ್ಧಕ್ಕೆ ಎದ್ದರೆ ಊಟಕ್ಕಿಟ್ಟವನ ಮುಖಕ್ಕೆ ಮಸಿ ಬಳಿದ ಹಾಗೆ. ಊಟ ಮುಗಿಸಿ ಬಂದೇಬಿಟ್ಟೆ ಅಪಾ, ಎಂದರು ಎರೆಕೆ.

ಮಾಂಸದ ನಂತರ ಸಾರು, ಸಾರಿನ ನಂತರ ಚಹಾ. ಮನೆಯಾಕೆ ಪ್ರತಿ ಸಲವೂ ಅರ್ಧ ಬಟ್ಟಲೇ ಬಗ್ಗಿಸುತ್ತಿದ್ದಳು. ಅರ್ಧ ಬಟ್ಟಲು ಬಂದರೆ ಇನ್ನೂ ಕೂತಿರಿ ಎಂದು ಅರ್ಥ, ತುಂಬಿದ ಬಟ್ಟಲು ಬಂದರೆ ಇನ್ನು ಏಳಬಹುದು.

“ತುಂಬಿದ ಬಟ್ಟಲಿಗೆ ಕಾಯ್ತಾ ಕೂತೆ. ಬರ್ಲೇ ಇಲ್ಲ. ಏರಿ ಒಡೆದ ಸದ್ದು ಬಂತು,” ಎಂದರು. ಹಸುವಿನ ಹಗ್ಗ ಬಿಚ್ಚಲು ಕೊಟ್ಟಿಗೆಗೆ ಹೋದ ಅಪಾಳನ್ನು ನೆರೆಮನೆಯವರು ಎಳೆದು ಚಾವಣಿಗೆ ಹತ್ತಿಸಿದರು. ಹಸು ಕಟ್ಟಿದಲ್ಲೇ ಮುಳುಗಿತು. ಗಂಡ ಬದುಕಿದ್ದಾಗ ಇಬ್ಬರೂ ಸೇರಿ ಕಟ್ಟಿದ್ದ ಮಣ್ಣಿನ ಮನೆ ಸಂಜೆಯೊಳಗೆ ಕರಗಿಹೋಯಿತು.

“ಅಪಾ ಕೂಗಿದ್ದು ಕೇಳ್ಸಿತ್ತು. ಕೇಳ್ಸಿದ್ರೂ ಕುರಿ ಕಿವಿ ಕೊಯ್ದು ಮಕ್ಕಳಿಗೆ ಹಂಚ್ತಾ ಇದ್ದೆ. ನಾಲ್ಕು ಜನ ಏನಂದ್ಕೋತಾರೋ ಅಂತ.”

ಅವತ್ತು ಊಟಕ್ಕೆ ಕೂತವರು ಒಬ್ಬಿಬ್ಬರಲ್ಲ. ಮಾಂಸ ಎಷ್ಟು ಚೆನ್ನಾಗಿ ಬೆಂದಿತ್ತು ಎಂದು ಅವರಲ್ಲಿ ಕೆಲವರು ಈಗಲೂ ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. ನಾಚಿಕೆ ಹೊತ್ತು ತಿರುಗುವವರು ಇವರೊಬ್ಬರೇ. ಇದನ್ನು ಬರೆಯುವಾಗ ನನ್ನ ಊರಿನ ಬಗ್ಗೆ ನನಗೆ ತಲೆತಗ್ಗಿಸುವಂತಾಗುತ್ತದೆ.

ಅಪಾಳ ಹೊಸ ಇಟ್ಟಿಗೆ ಮನೆಗೆ ಬೇಸಿಗೆಯಿಡೀ ಗಾರೆ ಕಲಸಿದವರು ಎರೆಕೆ. ಆ ಮನೆಯ ಮೊದಲ ಊಟಕ್ಕೆ ಊರೆಲ್ಲ ಹೋಯಿತು, ಅವರಿಗೆ ಮಾತ್ರ ಕರೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಬಗಿಲಾ ಅಪಾಳನ್ನು ಹೋಗಿ ಕಂಡೆ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನನಗೆ ರೊಟ್ಟಿ ಮುರಿದುಕೊಟ್ಟಳು, ಗಾರೆ ಕೆಲಸವನ್ನು ಹೊಗಳಿದಳು. ಮತ್ತೆ ಅವರನ್ನು ಯಾಕೆ ಕರೆಯುವುದಿಲ್ಲ ಎಂದೆ. ಬಟ್ಟಲಿಗೆ ಹಾಲು ಹಾಕುತ್ತಾ, “ಒಂದ್ಸಲ ಕರೆದಿದ್ನಲ್ಲಪ್ಪ. ಬರ್ಲಿಲ್ಲ,” ಎಂದಳು.

ಆ ಮಾತನ್ನು ಎರೆಕೆಗೆ ಮುಟ್ಟಿಸಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಗೆ ಹೇಳಿದೆ. ಏರಿಯ ಮೇಲೆ, ಅವಳ ಹಿತ್ತಲಿನ ನೇರಕ್ಕೆ ನಿಂತಿದ್ದೆವು. ಎಲ್ಲಕ್ಕಿಂತ ಹೆಚ್ಚು ಹೊತ್ತು ಅವರು ನಿಲ್ಲುವುದು ಅಲ್ಲೇ. ಕೆಳಗೆ ಅವಳ ಮನೆಯ ಹೊಗೆಕೊಳವೆಯಿಂದ ಹೊಗೆ ಏಳುತ್ತಿತ್ತು. ಸರಿಯಾಗಿಯೇ ಹೇಳಿದ್ದಾರೆ ಎಂದರು. ಬುಡಕ್ಕಿಳಿದು ಅಲ್ಲಿಯ ನೀರನ್ನೂ ಬೊಗಸೆಯಲ್ಲಿ ಹಿಡಿದು ನೋಡಿದರು, ಚೆಲ್ಲಿದರು. ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಾ, ನನ್ನ ಕಡೆ ನೋಡದೆ ಹೇಳಿದರು:

“ಬಾಗಿಲ ಹತ್ರಾನೇ ಕೂರಿಸ್ಲಿ, ಸಾಕು. ಮೊದಲ್ನೇ ಬಟ್ಟಲೇ ತುಂಬಿಸಿ ಕೊಡ್ಲಿ. ಕುಡಿದು ಎದ್ದು ಬರ್ತೀನಿ.”