ನನ್ನ ನೋವು ಮಂದಿಗೆ ಕಾಣಲಿ ಎಂದು ಬೇಡಿದ್ದೆ

ಹಿಪ್ಪರಗಿಯ ಮಲ್ಲಯ್ಯನನ್ನು ಮನೆದೇವರೆಂದು ನಡೆದುಕೊಳ್ಳುವ ಒಕ್ಕಲಿನ ಹಿರಿಯರಿಗೂ ತಾಯಂದಿರಿಗೂ ಶರಣು.

ನನಗೆ ಬೆನ್ನುನೋವು ಶುರುವಾದದ್ದು ಎಪ್ಪತ್ತನಾಲ್ಕನೆಯ ಇಸವಿಯಲ್ಲಿ, ದೀಪಾವಳಿ ಕಳೆದ ಮೇಲೆ. ಆಗ ನಾನು ಇಂಡಿಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಬಾಕ್ಸಿಂಗ್ ಕಲಿಯುತ್ತಿದ್ದೆ. ನಮ್ಮೂರು ದೇವರ ಹಿಪ್ಪರಗಿಯ ಹತ್ತಿರದ ಸಣ್ಣ ಹಳ್ಳಿ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಮ್ಯಾಟ್ರಿಕ್ ಫೇಲಾಗಿ ಕಟ್ಟೆಯ ಮೇಲೆ ಕುಳಿತಿದ್ದ ನನ್ನನ್ನು ಅಕ್ಕ ಗಂಗವ್ವ ತನ್ನಲ್ಲಿಗೆ ಕರೆಸಿಕೊಂಡಳು. ಇಂಡಿಯಲ್ಲಿ ಬಾಬುಸಾಬ ಎಂಬ ನಿವೃತ್ತ ಹವಾಲ್ದಾರರು ಹಳೆಯ ಗರಡಿಮನೆಯೊಂದರಲ್ಲಿ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದರು. ಆಟದಲ್ಲಿ ಹೆಸರು ಮಾಡಿದವನಿಗೆ ಮಿಲಿಟರಿ ಭರ್ತಿ ಸುಲಭ ಎಂಬುದು ಅವರ ಮಾತು. ನಾವೆಲ್ಲ ಅವರನ್ನು ವಸ್ತಾದರು ಎಂದೇ ಕರೆಯುತ್ತಿದ್ದೆವು.

ಮೊದಮೊದಲು ಅವರಿಗೆ ನನ್ನ ಮೇಲೆ ಬಹಳ ಪ್ರೀತಿ. "ಈ ಹಿಪ್ಪರಗಿ ಹುಡುಗನ ಎಡಗೈ ನೋಡ್ರಿ, ಬಂದದ್ದ ಗೊತ್ತಾಗೂದಿಲ್ಲ" ಎಂದು ಬಂದವರೆದುರು ಹೇಳುತ್ತಿದ್ದರು. ಅಕ್ಕನ ಮನೆಯಲ್ಲಿ ಇದ್ದದ್ದು ಒಂದೇ ಎಮ್ಮೆ. ಹಾಲಿನಲ್ಲಿ ದೊಡ್ಡ ಪಾಲು ನನಗೆ ಬರುತ್ತಿತ್ತು. ಅಕ್ಕನ ಗಂಡ, ನಮ್ಮ ಮಾವ, ನಿಂಬೆಹಣ್ಣಿನ ವ್ಯಾಪಾರಿ. ಮಾತು ಕಡಿಮೆ. ತನ್ನ ಚಹಾ ಕಪ್ಪಗಿದ್ದರೂ ಸುಮ್ಮನೆ ಕುಡಿದು ಹೋಗುತ್ತಿದ್ದ.

ನೋವು ಬೆನ್ನಿನ ನಟ್ಟನಡುವೆ, ಹೆಬ್ಬೆರಳಿನಿಂದ ಮುಚ್ಚಬಹುದಾದಷ್ಟು ಜಾಗದಲ್ಲಿತ್ತು. ಉಳುಕಿರಬೇಕು ಎಂದುಕೊಂಡೆ. ಅಕ್ಕ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು, ಎಣ್ಣೆ ತಿಕ್ಕಿದಳು. ನೋವು ಹೋಗಲಿಲ್ಲ. ನಾನು ಅದರೊಂದಿಗೇ ದಿನ ಕಳೆಯುವ ದಾರಿಗಳನ್ನು ಹುಡುಕಿಕೊಂಡೆ. ಅವ್ವನ ಹಳೆಯ ಸೀರೆಯ ತುಂಡನ್ನು ನಡುವಿಗೆ ಬಿಗಿಯಾಗಿ ಸುತ್ತಿ ಮೇಲೆ ಬನಿಯನ್ ತೊಡುತ್ತಿದ್ದೆ. ಬೂಟಿನ ಲೇಸು ಬಿಚ್ಚುತ್ತಲೇ ಇರಲಿಲ್ಲ, ಕಟ್ಟಿದಂತೆಯೇ ಕಾಲು ತುರುಕುತ್ತಿದ್ದೆ. ಉಸುಕಿನ ಚೀಲಕ್ಕೆ ಗುದ್ದುವಾಗ ಯಾರೂ ನೋಡದಿದ್ದರೆ ಅದನ್ನೇ ತಬ್ಬಿಕೊಂಡು ಒಂದು ಗಳಿಗೆ ನಿಂತು ಸುಧಾರಿಸಿಕೊಳ್ಳುತ್ತಿದ್ದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಹಾಲು ಕುಡಿದರೂ ತೂಕ ಇಳಿಯುತ್ತಿತ್ತು.

ಕೊನೆಗೆ ಹಗ್ಗ ಜಿಗಿಯಲು ಆಗದೆ ಒಂದು ದಿನ ವಸ್ತಾದರಿಗೆ ಹೇಳಿದೆ. ಅವರು ನನ್ನನ್ನು ತಿರುಗಿಸಿ ನಿಲ್ಲಿಸಿ ಬೆನ್ನು ನೋಡಿದರು. ಬಾವಿಲ್ಲ, ಕೆಂಪಿಲ್ಲ.

"ನೋವು ಬೆನ್ನಾಗಿಲ್ಲೋ ತಮ್ಮಾ, ಎದಿಯಾಗ ಐತಿ" ಎಂದರು. "ಹೊಡತಕ್ಕ ಅಂಜಾಕತ್ತಿ ನೀ."

ಹುಡುಗರು ನಕ್ಕರು. ಅವರು ಗದರಿಸಿದ್ದರೆ ತಡೆದುಕೊಳ್ಳುತ್ತಿದ್ದೆ, ಆದರೆ ಮಾತು ಮೆತ್ತಗೇ ಬಂದಿತ್ತು. ಮನೆಗೆ ಬಂದು ಅಂಗಾತ ಮಲಗಿದರೆ ಅಕ್ಕ ಹೊಸ್ತಿಲಲ್ಲಿ ನಿಂತು, "ಎಲ್ಲಿ ನೋಯತೈತಿ ಅಂತ ಖರೇ ಹೇಳೋ. ನಿಮ್ಮ ಮಾವ ಏನೂ ಅನ್ನೂದಿಲ್ಲ, ಆದರ ನಂಗ ಅವರ ಮಾರಿ ನೋಡಾಕ ಆಗವಲ್ದು" ಎಂದಳು. ಅಂದಿನಿಂದ ಹಾಲಿನ ಲೋಟವನ್ನು ಅರ್ಧಕ್ಕೇ ಇಟ್ಟುಬಿಡುತ್ತಿದ್ದೆ. ತಿಂದು ಮಲಗುವವ ಎಂದು ನನಗೆ ನಾನೇ ಅಂದುಕೊಳ್ಳತೊಡಗಿದೆ.

ಎಳ್ಳಮಾಸಿಯ ಹಬ್ಬಕ್ಕೆ ಊರಿಗೆ ಹೊರಟೆ. ಇಂಡಿಯಿಂದ ಸಿಂದಗಿ, ಅಲ್ಲಿಂದ ಹಿಪ್ಪರಗಿ. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಮುಂದಿನ ಸೀಟಿನ ಸರಳು ಹಿಡಿದು ಕುಂಡೆ ಎತ್ತಿ ಕೂಡುತ್ತಿದ್ದೆ. ಹಿಪ್ಪರಗಿಯಲ್ಲಿ ಇಳಿದವನು ಮನೆಗೆ ಹೋಗುವ ಮೊದಲು ಮಲ್ಲಯ್ಯನ ಗುಡಿಗೆ ಹೋದೆ. ಅಲ್ಲಿ ಬೇಡಿದ್ದನ್ನು ಈಗ ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

"ಮಲ್ಲಯ್ಯಾ, ನೋವು ತೆಗಿ ಅನ್ನೂದಿಲ್ಲ. ಇದು ಸುಳ್ಳಲ್ಲ ಅಂತ ಮಂದಿಗೆ ಕಾಣಸು. ಏನರ ಮುರೀಲಿ. ವಸ್ತಾದ ನನ್ನ ಮುಂದ ಬಂದು ತಲಿ ತಗ್ಗಸಬೇಕು."

ಬಾಲ್ಯದಿಂದ ನಮ್ಮನ್ನು ಕಾಯ್ದ ದೇವರ ಮುಂದೆ ನಾನು ಆಡಿದ ಮಾತು ಇದು.

ಹಬ್ಬ ಮುಗಿಸಿ ಇಂಡಿಗೆ ಮರಳಿದವನು ನೋವಿನ ಮಾತೆತ್ತದೆ ಮತ್ತೆ ಗರಡಿಗೆ ಹೋಗತೊಡಗಿದೆ. ಶಿವರಾತ್ರಿಯ ಸುಮಾರಿಗೆ ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗರು ಇಂಡಿಗೆ ಬಂದರು. ಎರಡು ಕಡೆಯವರನ್ನೂ ಆಡಿಸಿ ನೋಡಿ, ಒಳ್ಳೆಯವರನ್ನು ಭರ್ತಿಗೆ ಕರೆದೊಯ್ಯಬೇಕೆಂದು ವಸ್ತಾದರ ಯೋಚನೆ. ಗರಡಿಯ ಮುಂದಿನ ಬಯಲಲ್ಲಿ ಗೂಟ ಹುಗಿದು ಹಗ್ಗ ಕಟ್ಟಿದ್ದರು. ಪೇಟೆಯ ಮಂದಿ ಸುತ್ತಲೂ ನಿಂತಿದ್ದರು. ಮಾವನೂ ಅಂಗಡಿ ಬಿಟ್ಟು ಬಂದಿದ್ದ.

ನನ್ನೆದುರು ಮುದ್ದೇಬಿಹಾಳದ ಒಬ್ಬ ತೆಳ್ಳನೆಯ ಹುಡುಗ. ಗಂಟೆ ಬಾರಿಸಿದರು. ಅವನು ಇನ್ನೂ ಕೈ ಎತ್ತಿರಲಿಲ್ಲ. ನಾನು ಎಡಗಾಲು ಮುಂದಿಡಲು ಹೋದೆ, ಕಾಲು ಬರಲಿಲ್ಲ. ಬಲಗಾಲೂ ಇಲ್ಲ. ಮೂಟೆಯಂತೆ ಕುಸಿದೆ. ಮಂದಿ ಹೋ ಎಂದು ನಕ್ಕರು. "ಏಳ್, ನಾಟಕ ಬ್ಯಾಡ" ಎಂದು ವಸ್ತಾದರು ಕೂಗಿದರು. ಏಳಲು ಕೈಯೂರಿ ನೋಡಿದಾಗ ಚಡ್ಡಿ ಒದ್ದೆಯಾಗಿತ್ತು, ನೆಲವೂ ಒದ್ದೆಯಾಗುತ್ತಿತ್ತು. ಅದು ನನಗೆ ಗೊತ್ತಾದದ್ದು ಕಣ್ಣಿನಿಂದ. ಮೈಗೆ ಗೊತ್ತಾಗಿರಲಿಲ್ಲ.

ನಗುತ್ತಿದ್ದವರು ನಗು ನಿಲ್ಲಿಸಿದರು. ವಸ್ತಾದರು ಹಗ್ಗ ದಾಟಿ ಬಂದು ತಮ್ಮ ಅಂಗಿ ಬಿಚ್ಚಿ ನನ್ನ ನಡುವಿನ ಮೇಲೆ ಹೊದಿಸಿದರು.

ನಿಂಬೆಹಣ್ಣು ತುಂಬಲು ನಿಂತಿದ್ದ ಲಾರಿಯಲ್ಲಿ ಮಾವ ಖಾಲಿ ಚೀಲಗಳನ್ನು ದಪ್ಪಗೆ ಹಾಸಿದ. ಬಿಜಾಪುರದವರೆಗೂ ವಸ್ತಾದರು ಮೊಳಕಾಲೂರಿ ಕುಳಿತು, ನನ್ನ ನಡು ಅಲುಗದಂತೆ ಎರಡೂ ಕೈಯಿಂದ ಹಿಡಿದಿದ್ದರು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮಾವನಿಗೂ ವಸ್ತಾದರಿಗೂ ತೋರಿಸಿದರು. "ಬೆನ್ನೆಲುಬಿಗೆ ಟೀಬಿ ಹತ್ತೈತಿ. ಎರಡು ಮಣಿ ತಿಂದು ಹಾಕೇತಿ ನೋಡ್ರಿ. ಕೀವು ನರದ ಮ್ಯಾಲೆ ಒತ್ತಾಕತ್ತೈತಿ. ಈ ಹುಡುಗ ಇದರಾಗ ಹೆಂಗ ನಿಂತಿದ್ದನೋ." ಆಮೇಲೆ ನನ್ನ ಕಡೆ ತಿರುಗಿ, "ಇಂಜೆಕ್ಷನ್ ಕೊಡ್ತೇವಿ, ಗುಳಿಗಿ ಕೊಡ್ತೇವಿ. ನೀ ಅಳಗ್ಯಾಡದಂಗ ಮಲಕೋಬೇಕು. ಕಾಲಿನ ಖಾತ್ರಿ ಮಾತ್ರ ನಾ ಹೇಳೂದಿಲ್ಲ" ಎಂದರು.

ನಾನು ಬೇಡಿದ್ದು ಹೀಗೆ ನಡೆಯಿತು. ಮಂದಿಗೆ ಕಂಡಿತು, ಮುರಿಯಿತು. ಸಂತೋಷ ಮಾತ್ರ ಎಲ್ಲಿಯೂ ಇರಲಿಲ್ಲ. ಹಲಗೆಯ ಮೇಲೆ ಅಂಗಾತ ಬಿದ್ದ ಹತ್ತೊಂಬತ್ತರ ಮಗನ ಹೇಲು ಉಚ್ಚೆಯನ್ನು ಊರಿಂದ ಬಂದಿದ್ದ ಅವ್ವ ತೆಗೆಯುತ್ತಿದ್ದಳು. ನಾನು ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆ. ಮಾವ ವಾರಕ್ಕೊಮ್ಮೆ ಇಂಡಿಯಿಂದ ಬಸ್ಸಿನಲ್ಲಿ ಹಾಲಿನ ಕ್ಯಾನು ಹಿಡಿದು ಬರುತ್ತಿದ್ದ. ಹಾಲು ಕೆಲವೊಮ್ಮೆ ಒಡೆದಿರುತ್ತಿತ್ತು. "ಮುಂದಿನ ಸಲ ಕಾಸಿ ತರ್ತೇನಿ" ಎನ್ನುತ್ತಿದ್ದ, ಅಷ್ಟೇ.

ಅವ್ವ ಹಿಪ್ಪರಗಿಯ ಗುಡಿಯಿಂದ ಭಂಡಾರದ ಅರಿಸಿನ ತಂದು ಹಣೆಗೆ ಹಚ್ಚಲು ಬಂದರೆ ಮುಖ ತಿರುಗಿಸಿದೆ. ಅವಳು ನೊಂದುಕೊಂಡಳು. ದೇವರ ಮೇಲೆ ಸಿಟ್ಟು ಎಂದು ತಿಳಿದಳು. ಹೀಗೆ ಬೇಡಿದ ಬಾಯಿಂದ ಇನ್ನೊಮ್ಮೆ ಏನು ಕೇಳಲಿ ಎಂಬ ನನ್ನ ಸಂಕಟವನ್ನು ಅವಳಿಗೆ ಹೇಳಲಾಗಲಿಲ್ಲ. ವಾರಗಳು ಕಳೆದವು. ಡಾಕ್ಟರು ದಿನವೂ ಅಂಗಾಲಿಗೆ ಗೀರಿ "ಗೊತ್ತಾತೇನು?" ಎನ್ನುತ್ತಿದ್ದರು. ನನಗೆ ಗೊತ್ತಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ವಸ್ತಾದರು ಬಂದರು. ಗಡ್ಡ ಬೆಳೆದಿತ್ತು. ಮಂಚದ ಬದಿಗೆ ನಿಂತು ಎರಡೂ ಕೈ ಮುಗಿದರು. "ತಮ್ಮಾ, ನಾ ನಿನ್ನ ಮಾತು ನಂಬಲಿಲ್ಲ. ಎಂಥೆಂಥಾ ಹುಡುಗ್ರನ್ನ ನೋಡೇನಿ, ನಿನ್ನ ತಿಳಕೊಳ್ಳಲಿಲ್ಲ. ಮಾಫ್ ಮಾಡು" ಎಂದು ತಲೆ ತಗ್ಗಿಸಿದರು.

ಅಪ್ಪನ ವಯಸ್ಸಿನ ಮನುಷ್ಯ. ನನಗೆ ಕಾಲಿದ್ದರೆ ಓಡಿಹೋಗುತ್ತಿದ್ದೆ. ಅಷ್ಟು ದಿನ ಒಳಗಿಟ್ಟುಕೊಂಡದ್ದೆಲ್ಲ ಆಗ ಬಾಯಿಂದ ಬಂತು. ಗುಡಿಯಲ್ಲಿ ಏನು ಬೇಡಿದ್ದೆ, ಅವರ ತಲೆ ತಗ್ಗಬೇಕೆಂದು ಹೇಗೆ ಕೇಳಿದ್ದೆ, ಎಲ್ಲವನ್ನೂ ಅವರಿಗೂ ಪಕ್ಕದಲ್ಲಿದ್ದ ಅವ್ವನಿಗೂ ಹೇಳಿದೆ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ವಸ್ತಾದರು ಸ್ಟೂಲು ಎಳೆದುಕೊಂಡು ಕುಳಿತರು.

"ಯುದ್ಧದಾಗ ನನ್ನ ಜೋಡಿದಾರ ಹೋದ ಮ್ಯಾಲೆ ನಾ ಬೇಡೂದ ಬಿಟ್ಟಿದ್ನಿ" ಎಂದರು. "ನಮಾಜಿಗೆ ನಿಂತರೂ ಏನೂ ಕೇಳತಿರಲಿಲ್ಲ. ಹ್ವಾದ ವಾರ ಹಿಪ್ಪರಗಿಯೊಳಗ ಬಸ್ ಇಳದು ನಿಮ್ಮ ಮಲ್ಲಯ್ಯನ ಗುಡಿ ಹೊರಗ ನಿಂತು ಬಂದೇನಿ. ಹುಡುಗನ ಕಾಲು ಕೊಡಪಾ ಅಂದೆ."

"ನೀವು ಅಲ್ಲಿಗ್ಯಾಕ ಹ್ವಾದ್ರಿ?" ಎಂದು ಅವ್ವ ಕೇಳಿದಳು.

"ಹುಡುಗ ಅವನ ಒಕ್ಕಲಲ್ಲೇನವಾ? ಮಾಲು ಯಾರದೈತೋ ಅವರನ್ನ ಕೇಳಬೇಕಲ್ಲ."

ಅಳುತ್ತಿದ್ದ ಅವ್ವ ಅದರಲ್ಲೇ ನಕ್ಕುಬಿಟ್ಟಳು. ಅವರು ಹೋದ ಮೇಲೆ ನನ್ನ ತಲೆ ಸವರಿ, "ನೀ ಬೇಡಿದ್ದು ಕೆಟ್ಟದ್ದು ಖರೇ" ಎಂದಳು. "ಆದರ ನೀ ಬೀಳಲಾರದ ಹಂಗ ಸೈರಿಸಿದ್ರ ಯಾರ ನಿನ್ನ ದವಾಖಾನಿಗೆ ತರತಿದ್ರು? ಆತ ಎಷ್ಟು ಬೇಕೋ ಅಷ್ಟ ಮುರದಾನ." ಅಂದು ಭಂಡಾರ ಹಚ್ಚಿಸಿಕೊಂಡೆ. ಆದರೂ ಏನೂ ಬೇಡಲಿಲ್ಲ. ಬೇಡುವ ಕೆಲಸವನ್ನು ನನಗಾಗಿ ಇನ್ನೊಬ್ಬರು ಮಾಡಿ ಬಂದಿದ್ದರು.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಊಟದ ಹೊತ್ತು, ಅವ್ವ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸುತ್ತಿದ್ದಳು. ನನ್ನ ಬಲಗಾಲಿನ ಮೇಲೆ ಏನೋ ಹರಿದಾಡಿದಂತಾಯಿತು. ಭ್ರಮೆ ಎಂದುಕೊಂಡೆ. ಮತ್ತೆ ಹರಿದಾಡಿತು.

"ಅವ್ವಾ, ನನ್ನ ಕಾಲಿನ ಮ್ಯಾಲೆ ಏನೈತಿ ನೋಡು."

ಅವಳು ನೋಡಿದಳು. "ಏನಿಲ್ಲೋ, ನೊಣ" ಎಂದು ಓಡಿಸಲು ಕೈ ಎತ್ತಿದಳು.

"ಓಡಿಸಬ್ಯಾಡ" ಎಂದೆ. "ಇರಲಿ ಬಿಡು."

ಆಗ ಅವಳಿಗೆ ತಿಳಿಯಿತು. ಎತ್ತಿದ ಕೈ ಹಾಗೆಯೇ ನಿಂತಿತು. ನೊಣ ಹೆಬ್ಬೆರಳ ತನಕ ನಡೆದು ತಾನಾಗಿಯೇ ಹಾರಿಹೋಯಿತು. ಇಬ್ಬರೂ ಅದನ್ನೇ ನೋಡುತ್ತಿದ್ದೆವು.

ಅಲ್ಲಿಂದ ಬೆರಳು ಅಲುಗಿತು, ಮೊಳಕಾಲು ಮಡಿಚಿತು. ಪ್ಲಾಸ್ಟರಿನ ಕವಚ ತೊಟ್ಟು ಗೋಡೆ ಹಿಡಿದು ನಿಂತೆ. ಗುಳಿಗೆಗಳು ಮರುವರ್ಷವೂ ನಡೆದವು. ಬೆನ್ನು ಈಗಲೂ ಸ್ವಲ್ಪ ಬಾಗಿದೆ. ಗ್ಲೌಸು ಮತ್ತೆ ತೊಡಲಿಲ್ಲ. ಮಾವನ ಅಂಗಡಿಯಲ್ಲಿ ನಿಂಬೆಹಣ್ಣು ಆರಿಸುತ್ತೇನೆ, ಸಂಜೆ ಗರಡಿಗೆ ಹೋಗಿ ವಸ್ತಾದರ ಪಕ್ಕ ಕೂಡುತ್ತೇನೆ. ಹುಡುಗನೊಬ್ಬ ನೋವು ಎಂದರೆ ಅವರು ಅವನನ್ನು ಕೂಡ್ರಿಸಿ, ನನ್ನ ಕಡೆ ನೋಡುತ್ತಾರೆ. ಇಬ್ಬರಿಗೂ ನಾಚಿಕೆಯಾಗುತ್ತದೆ.

ಒಕ್ಕಲಿನವರೇ, ಮಲ್ಲಯ್ಯ ಕೆಟ್ಟ ಬಾಯಿಯ ಪ್ರಾರ್ಥನೆಯನ್ನೂ ಕೇಳುತ್ತಾನೆ, ಕೇಳಿ ಅದನ್ನು ಒಳ್ಳೆಯದಕ್ಕೆ ತಿರುಗಿಸುತ್ತಾನೆ ಎಂಬುದಕ್ಕೆ ನಾನಿದ್ದೇನೆ. ಆದರೆ ನನಗಾಗಿ ಏನಾದರೂ ಕೇಳಲು ಇಂದಿಗೂ ಮುಖವಿಲ್ಲ. ಅದಕ್ಕೆ ಗುಡಿಗೆ ಹೋದಾಗ ಬೇರೆಯವರ ಹೆಸರು ಹೇಳಿ ಬೇಡುತ್ತೇನೆ. ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಅವರ ಹೆಸರು ನನಗೆ ತಿಳಿಸಿರಿ. ಅವರಿಗಾಗಿ ಅಲ್ಲಿ ನಿಂತು ಬೇಡುತ್ತೇನೆ. ನಿಲ್ಲುವ ಕಾಲನ್ನು ಆತನೇ ಕೊಟ್ಟಿದ್ದಾನೆ.