ರುಜುವನ್ನೂ ಬರೆಸಿದ ಪಂಡಿತರು

ಪಂಡಿತರ ಬಲಗೈ ಕಿರುಬೆರಳಿನ ಉಗುರು ಮಾತ್ರ ಅರ್ಧ ಅಂಗುಲ ಉದ್ದವಿತ್ತು. ಉಳಿದ ಒಂಬತ್ತನ್ನೂ ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದರು. ಒಂದಕ್ಕೊಂದು ಅಂಟಿಕೊಂಡ ಹಳೆಯ ಕಾಗದಗಳ ನಡುವೆ ಆ ಉಗುರನ್ನು ತೂರಿಸಿ, ಉಸಿರು ಬಿಗಿಹಿಡಿದು, ಕಾವಲಿಯಿಂದ ದೋಸೆ ಎಬ್ಬಿಸುವ ಹಾಗೆ ಹಾಳೆಯನ್ನು ಎಬ್ಬಿಸುತ್ತಿದ್ದರು. ಹರಿಯದೆ ಬಂತೆಂದರೆ ನನ್ನ ಕಡೆ ತಿರುಗಿ, "ಉಳೀತು ನೋಡು" ಅನ್ನುತ್ತಿದ್ದರು. ಆ ಎರಡು ಮಾತಿಗಾಗಿ ನಾನು ರಜೆಯ ದಿನಗಳನ್ನೆಲ್ಲ ಅವರ ಎದುರು ಕೂತು ಕಳೆದವಳು. ಈಗಲೂ ಅವರ ಹೆಸರು ಬರೆಯಲು ನನಗೆ ಮನಸ್ಸಿಲ್ಲ. ಪಂಡಿತರು ಎಂದರೆ ಸಾಕು.

ಅರವತ್ತರ ದಶಕದ ಮೊದಲ ವರ್ಷಗಳು. ಸಾಗರ ಪಟ್ಟಣದ ಅಂಚಿನ ಹೊಸ ಬಡಾವಣೆಯ ಪ್ರಾಥಮಿಕ ಶಾಲೆಗೆ ನಾನು ಟೀಚರಾಗಿ ಸೇರಿದ್ದೆ. ಗೇಣಿ ಒಕ್ಕಲಿನ ಮನೆಯವಳು. ತಂದೆಯಿಲ್ಲದ ನನ್ನನ್ನು ಓದಿಸಿದ್ದು ಸೋದರಮಾವ. ಪಂಡಿತರು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ನಾನಿದ್ದ ಬಾಡಿಗೆ ಕೋಣೆಯಿಂದ ನಾಲ್ಕನೇ ಮನೆ ಅವರದು. ಬಡಾವಣೆಯವರ ವಾಚನಾಲಯದ ಹಿಂದಿನ ಕೋಣೆಯನ್ನು ಕಾಡಿ ಬೇಡಿ ಪಡೆದು, ಎರಡು ಬೀರುಗಳ ತುಂಬ ಸೀಮೆಯ ಹಳೆಯ ಬರಹಗಳನ್ನು ಸೇರಿಸಿಟ್ಟಿದ್ದರು. ಓಲೆಗರಿಗಳು, ಕಪ್ಪು ಬಟ್ಟೆಯ ಕಡತಗಳು, ಕೆಳದಿ ಅರಸರ ಕಾಲದ ಆಜ್ಞೆಗಳು, ಯಾರದೋ ಮನೆಯ ಮದುವೆಯ ಅಡಿಗೆ ಪಟ್ಟಿ ಕೂಡ. ಅಲ್ಲಿ ಚಹಾ ಕುಡಿಯುವಂತಿರಲಿಲ್ಲ. ಬಂದವರು ಯಾರಾದರೂ ಸರಿ, ಬಾಗಿಲ ಹೊರಗೆ ಚೊಂಬು ಹಿಡಿದು ಮೊಣಕೈತನಕ ತೊಳೆದೇ ಒಳಗೆ ಬರಬೇಕು.

ಆಗ ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ಮುಳುಗಡೆಯ ಊರುಗಳಲ್ಲಿ ಜನ ಹೆಂಚು, ತೊಲೆ, ಬಾಗಿಲುಗಳನ್ನು ಕಿತ್ತು ಗಾಡಿಗೆ ಹೇರುತ್ತಿದ್ದರು, ಹಳೆಯ ಬರಹಗಳನ್ನು ಹೊಳೆಗೆ ಬಿಡುತ್ತಿದ್ದರು. ಪಂಡಿತರಿಗೆ ಅದನ್ನು ಕೇಳಿದರೆ ಊಟ ಸೇರುತ್ತಿರಲಿಲ್ಲ. ಭಾನುವಾರ ಬಂತೆಂದರೆ ಆ ಊರುಗಳಿಗೆ ಹೊರಡುತ್ತಿದ್ದರು, ನನ್ನನ್ನೂ ಕರೆದುಕೊಂಡು.

ಕರೆದದ್ದು ಸುಮ್ಮನಲ್ಲ. ಅವರು ಶಲ್ಯ ಹೊದ್ದು ಜಗಲಿಯಲ್ಲಿ ಕೂತರೆ, ಇವರು ಜಮೀನಿನ ಒಡೆಯರ ಕಡೆಯವರಿರಬೇಕೆಂದು ಒಕ್ಕಲು ಮನೆಯವರು ಬಾಯಿ ಬಿಡುತ್ತಿರಲಿಲ್ಲ. ನಾನು ಒಳಗೆ ಹೋಗಿ ಒಲೆಯ ಹತ್ತಿರ ಕೂತು, ಇಂಥವರ ಸೋದರ ಸೊಸೆ, ಇಂಥ ಊರು ಎಂದರೆ ಹೆಂಗಸರು ದೇವರ ಮೂಲೆಯಿಂದ ಗಂಟು ತೆಗೆದುಕೊಡುತ್ತಿದ್ದರು. ನಮ್ಮ ಮನೆಗಳಲ್ಲಿ ಹಿರಿಯರ ಕಾಗದವನ್ನು ಎರಡು ಹಲಗೆಗಳ ನಡುವೆ ಇಟ್ಟು, ಕೆಂಪು ಬಟ್ಟೆ ಸುತ್ತಿ, ದೇವರ ಪಕ್ಕ ಇಡುತ್ತಿದ್ದರು. ಆಯುಧಪೂಜೆಗೆ ಕುಂಕುಮ ಹಚ್ಚುವುದುಂಟು, ಬಿಚ್ಚುವುದಿಲ್ಲ. ಬಿಚ್ಚಿದರೆ ಮನೆಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಬಿಚ್ಚಿದರೂ ಓದಲು ಯಾರಿಗೆ ಬರುತ್ತಿತ್ತು? "ಪ್ರತಿ ಮಾಡ್ಕೊಂಡು ಒಂದು ತಿಂಗಳಲ್ಲಿ ವಾಪಸ್ ಕೊಡ್ತೀನಿ" ಎಂದು ಪಂಡಿತರು ಮಾತು ಕೊಡುತ್ತಿದ್ದರು. ಮಾತಿನಂತೆ ತಿಂಗಳಿಗೆ ಗಂಟು ವಾಪಸ್ ಹೋಗುತ್ತಿತ್ತು. ಅದೇ ಹಲಗೆ, ಅದೇ ಬಟ್ಟೆ.

ಪ್ರತಿ ಮಾಡುವುದು ನನ್ನ ಕೆಲಸ. ಕೂಡಿಸಿ ಬರೆಯುವ ಹಳೆಯ ಮೋಡಿ ಅಕ್ಷರ ಓದಲು ಕಲಿಸಿದ್ದು ಅವರೇ. ಒಮ್ಮೆಯೂ ಗದರಲಿಲ್ಲ. ನಾನು ತಡವರಿಸಿದಾಗ ಬಾಯಿಗೆ ಒಂದು ಲವಂಗ ಹಾಕಿಕೊಂಡು ಕಾಯುತ್ತಿದ್ದರು. ಅದು ಮುಗಿಯುವುದರೊಳಗೆ ಅಕ್ಷರ ನನಗೆ ಹೊಳೆಯಬೇಕು, ಇಲ್ಲದಿದ್ದರೆ ಇನ್ನೊಂದು ಲವಂಗ. "ನಿನ್ನಿಂದಾಗಿ ನನ್ನ ನಾಲಗೆ ಸುಟ್ಟೇಹೋಯ್ತು ಮಾರಾಯ್ತಿ" ಎಂದು ನಗುತ್ತಿದ್ದರು. ಪ್ರತಿಗೆ ಅವರದು ಒಂದೇ ನಿಯಮ: ಇದ್ದದ್ದು ಇದ್ದ ಹಾಗೆ. ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಬೇಕು. ಬರೆದವನು ತಪ್ಪಿದ್ದರೆ ಆ ತಪ್ಪೂ ಬೇಕು. ಕೊನೆಯ ರುಜುವನ್ನೂ ಅದೇ ಓರೆಯಲ್ಲಿ, ಅದೇ ಸುಳಿಯಲ್ಲಿ ತರಬೇಕು.

"ರುಜು ಯಾಕೆ ಮೇಷ್ಟ್ರೇ?" ಎಂದು ಒಮ್ಮೆ ಕೇಳಿದ್ದೆ.

"ಮನುಷ್ಯ ಇರೋದೇ ಅದರಲ್ಲಿ. ಅದನ್ನೇ ಬಿಟ್ರೆ ಎಂತ ಬರೆದ ಹಾಗಾಯ್ತು?" ಅಂದರು.

ಮುಳುಗಡೆಯ ಊರಿನಲ್ಲೇ ಇದ್ದ ಮಾವನ ಮನೆಯ ಗಂಟನ್ನು ತಂದುಕೊಟ್ಟವಳು ನಾನೇ. ಮಾವನಿಗೆ ಇಷ್ಟವಿರಲಿಲ್ಲ. "ಕೊಟ್ಟವ ಕೋಡಂಗಿ, ಇಸ್ಕಂಡವ ಈರಭದ್ರ ಅಂತಾರೆ ಕಣೆ" ಎಂದು ತಲೆ ಕೆರೆದುಕೊಂಡ. "ನಾ ಇದೀನಲ್ಲ ಮಾವ" ಎಂದೆ. ಅತ್ತೆ ಗಂಟಿಗೆ ಕೈಮುಗಿದು ನನ್ನ ಮಡಿಲಿಗೆ ಹಾಕಿದಳು. ಒಳಗಿದ್ದದ್ದು ಮೂಲಗೇಣಿಯ ಪತ್ರ. ಈ ಗದ್ದೆಯನ್ನು ಉಳುವ ಒಕ್ಕಲನ್ನು ತಲೆತಲಾಂತರಕ್ಕೂ ಎಬ್ಬಿಸತಕ್ಕದ್ದಲ್ಲ ಎಂದು ಹಿಂದಿನ ಒಡೆಯರು ಬರೆದುಕೊಟ್ಟದ್ದು. ಓದುತ್ತ ಓದುತ್ತ ಪಂಡಿತರು ಎದ್ದು ನಿಂತುಬಿಟ್ಟರು. ಒಕ್ಕಲಿಗೆ ಇಷ್ಟು ಸ್ಪಷ್ಟವಾಗಿ ಬರೆದುಕೊಟ್ಟ ಪತ್ರವನ್ನು ತಾವು ಕಂಡೇ ಇಲ್ಲ ಎಂದರು. ನನಗೆ ಹೆಮ್ಮೆಯೋ ಹೆಮ್ಮೆ. ಮೂರು ದಿನ ಕೂತು ಪ್ರತಿ ಮಾಡಿದೆ. ತಿಂಗಳಿಗೆ ಸರಿಯಾಗಿ ಅವರೇ ಗಂಟು ಕಟ್ಟಿಕೊಟ್ಟರು. ನಾನೇ ಒಯ್ದು ಅತ್ತೆಯ ಕೈಗಿಟ್ಟೆ.

ಮುಂದಿನ ವರ್ಷ ಮುಳುಗಡೆಯವರಿಗೆ ಬದಲಿ ಜಮೀನು ಗೊತ್ತು ಮಾಡುವ ಅಧಿಕಾರಿ ಸಾಗರಕ್ಕೆ ಬಂದರು. ವರ್ಷದ ಗೇಣಿಯವರಿಗೆ ಏನೂ ಇಲ್ಲ, ಮೂಲಗೇಣಿಯ ಪತ್ರ ತೋರಿಸಿದವರಿಗೆ ಜಮೀನು ಉಂಟು ಎಂದು ಸುದ್ದಿಯಾಯಿತು. ಮಾವ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಗಂಟನ್ನು ತಲೆಯ ಮೇಲಿಟ್ಟುಕೊಂಡು ಬಂದ. ಅವನ ಜೊತೆ ನಾನೂ ಕಚೇರಿಗೆ ಹೋದೆ. ಅಧಿಕಾರಿಯೇ ಬಟ್ಟೆ ಬಿಚ್ಚಿ ಹಲಗೆ ಸರಿಸಿದರು. ಒಳಗಿದ್ದದ್ದು ನಮ್ಮ ಶಾಲೆಯ ಗೆರೆ ಹಾಕಿದ ಕಾಗದ, ನೀಲಿ ಶಾಯಿ, ನನ್ನ ಅಕ್ಷರ. ಕೆಳಗೆ ಸತ್ತು ನೂರು ವರ್ಷವಾಗಿದ್ದ ಒಡೆಯರ ರುಜು, ಅದೇ ಓರೆ, ಅದೇ ಸುಳಿ.

"ಇದನ್ನ ಬರೆದವರು ಯಾರು?"

"ನಾನೇ ಸಾರ್. ಇದು ಪ್ರತಿ."

"ಪ್ರತಿ ಅಂತ ಎಲ್ಲಿ ಬರೆದಿದೆ? ಪ್ರತಿಗೆ ರುಜು ಯಾಕೆ ಮಾಡಿದ್ರಿ?"

ಅಧಿಕಾರಿ ಅರ್ಜಿಯ ಮೇಲೆ ಖೋಟಾ ಎಂದು ಬರೆದರು. "ಬಿಚ್ಚಬಾರ್ದಿತ್ತು" ಎಂದ ಮಾವ. ಪಾಪ, ಬಿಚ್ಚಿದ್ದಕ್ಕೇ ಹೀಗಾಯಿತೆಂದು ಆ ಗಳಿಗೆಯಲ್ಲಿ ನಿಜವಾಗಿ ನಂಬಿದ್ದ. ಆಮೇಲೆ ನನ್ನ ಮುಖ ನೋಡಿದ. ಆ ನೋಟವನ್ನು ನಾನು ಇಲ್ಲಿ ಬರೆಯಲಾರೆ.

ಕಚೇರಿಯಿಂದ ನೇರವಾಗಿ ವಾಚನಾಲಯಕ್ಕೆ ಹೋದೆ. ಕೈ ತೊಳೆಯದೆ ಒಳಗೆ ನುಗ್ಗಿದೆ. ಪಂಡಿತರು ಸುಳ್ಳು ಹೇಳಲಿಲ್ಲ, ನನಗೆ ಹೆಚ್ಚು ಉರಿದದ್ದು ಅದಕ್ಕೇ.

"ನಿಮ್ಮಾವ ಅದನ್ನ ಗಾಡೀಲಿ ಹೇರ್ಕೊಂಡು ಹೋಗಿ ಯಾವ ಕಾಡಲ್ಲಿ ಇಡ್ತಿದ್ದ? ಒಂದು ಮಳೆಗಾಲಕ್ಕೆ ಗೆದ್ದಲು ಮುಗಿಸ್ತಿತ್ತು. ಇಲ್ಲಿದ್ರೆ ಉಳೀತದೆ."

"ಹೀಗೆ ಎಷ್ಟು ಮನೇದು ಇಟ್ಕೊಂಡಿದೀರಿ ಮೇಷ್ಟ್ರೇ?"

"ಒಳ್ಳೇವನ್ನ ಮಾತ್ರ" ಎಂದರು, ಸಮಾಧಾನವಾಗಿ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿಯನ್ನು ಹೊಲದವರ ಎದುರೇ ನೆಟ್ಟವಳು ನಾನು. "ನಾನು ನಿಮಗೆ ಯಾರಾಗಿದ್ದೆ?" ಎಂದು ಕೇಳಿದೆ. ಲವಂಗದ ಡಬ್ಬಿ ತೆಗೆದರು, ಮುಚ್ಚಿದರು. "ನಿನ್ನಂಥ ಕೈ ನನಗೆ ಬೇರೆ ಸಿಕ್ಕಿಲ್ಲ" ಅಂದರು. ಕೈಯಂತೆ! ನಾನು ಅವರನ್ನು ತಂದೆಯ ಜಾಗದಲ್ಲಿ ಇಟ್ಟುಕೊಂಡಿದ್ದೆ.

ಮಾರನೆಯ ದಿನ ಅಸಲು ಪತ್ರ ಹಿಡಿದು ಅವರೇ ಕಚೇರಿಗೆ ಬಂದರು, ಅದನ್ನು ಒಪ್ಪಬೇಕು. ಅಧಿಕಾರಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, "ಒಂದೇ ದಿನದಲ್ಲಿ ಹಳೇದೂ ಮಾಡ್ಕೊಂಡು ಬಂದ್ರಾ?" ಎಂದು ನಕ್ಕರು. ರುಜು ಅಷ್ಟು ಚೆನ್ನಾಗಿ ಕೂತಿತ್ತು. ಪಂಡಿತರು ಕಾಗದದ ವಯಸ್ಸು, ಮಸಿಯ ಬಣ್ಣ ಎಂದೆಲ್ಲ ಬೆವರು ಒರೆಸಿಕೊಳ್ಳುತ್ತ ವಾದಿಸಿದರು. ಒಮ್ಮೆ ಖೋಟಾ ಎನಿಸಿಕೊಂಡ ಮನೆಯ ಅಸಲನ್ನು ಯಾರು ನಂಬುತ್ತಾರೆ?

ಆ ಗದ್ದೆ ನೀರಿಗೆ ಹೋಯಿತು. ಈಗ ಹೊಳೆಬಾಗಿಲಿನಿಂದ ಹೊರಡುವ ಲಾಂಚು ಅದರ ಮೇಲೇ ಹಾದುಹೋಗುತ್ತದೆ. ಮಾವ ಹೊಸನಗರ ದಾಟಿ ಕೋಣಂದೂರಿನ ಕಡೆ ಹೋಗಿ, ಯಾರದೋ ಗದ್ದೆಗೆ ವರ್ಷದ ಗೇಣಿಗೆ ನಿಂತ. ಪತ್ರ ಕೊಡಲು ಹೋದರೆ ಮುಟ್ಟಲಿಲ್ಲ. "ನಿನ್ ಮೇಷ್ಟ್ರ ಹತ್ರಾನೇ ಇರ್ಲಿ" ಎಂದ. ಉಳಿದ ಮನೆಗಳಿಗೂ ನಿಜ ಹೇಳೋಣವೆಂದು ಹೊರಟೆ. ನಾಲ್ಕು ಮನೆಯವರು ಸಿಕ್ಕರು, ಮಿಕ್ಕವರು ದಿಕ್ಕಿಗೊಬ್ಬರಾಗಿ ಚದುರಿದ್ದರು. ಎಲ್ಲೋ ಅವರು ಇವತ್ತಿಗೂ ನನ್ನ ಅಕ್ಷರಕ್ಕೆ ಕುಂಕುಮ ಹಚ್ಚುತ್ತಿರಬೇಕು.

ದಶಕ ಮುಗಿಯುವ ಮೊದಲೇ ಪಂಡಿತರು ತೀರಿಕೊಂಡರು. ಆ ನಾಲ್ಕನೇ ಮನೆಗೆ ಹೋಗಿ ಮುಖ ನೋಡಲು ನನ್ನಿಂದ ಆಗಲಿಲ್ಲ. ಹಾಗೆಂದು ಋಣ ಹರಿಯಿತೇ? ಹಳೆಯ ಅಕ್ಷರ ಕಂಡಲ್ಲಿ ನನ್ನ ಕಣ್ಣು ತಾನಾಗಿ ಓದುತ್ತದೆ, ಅದು ಅವರು ಕೊಟ್ಟದ್ದು. ಎಷ್ಟು ಸಿಟ್ಟು ಮಾಡಿಕೊಂಡರೂ ಅದನ್ನು ವಾಪಸ್ ಕೊಡಲು ಬರುವುದಿಲ್ಲ.

ಅವರ ವರ್ಷಾಂತಿಕ ಕಳೆದ ಮೇಲೆ ಬಡಾವಣೆಯವರು ಬೀರುಗಳಿಗೆ ಗಾಜು ಹಾಕಿಸಿ ಸಂಗ್ರಹವನ್ನು ಜನರಿಗೆ ತೆರೆದರು. ಅಷ್ಟು ಹೊತ್ತಿಗೆ ಮಾವನೂ ಇರಲಿಲ್ಲ. ಅತ್ತೆ ಒಬ್ಬಳೇ ಬಸ್ಸು ಹತ್ತಿ ಬಂದು, "ತೋರ್ಸು" ಎಂದಳು. ಗಾಜಿನ ಹಿಂದೆ ನಮ್ಮ ಪತ್ರವಿತ್ತು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದನ್ನು ಪೂಜಿಸಿದವಳು, ಕಣ್ಣಾರೆ ಕಂಡದ್ದು ಅದೇ ಮೊದಲು. ಕೈಮುಗಿಯಲು ಹೋದವಳು ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಇದು ಅಸಲಾ ಮಗಾ, ನೀ ಬರೆದದ್ದಾ?"

"ಅಸಲು, ಅತ್ತೆ" ಎಂದೆ.

ಅವಳು ಪತ್ರವನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿದಳು. ಆಮೇಲೆ ಎತ್ತಿದ ಕೈಯನ್ನು ಹಾಗೇ ಇಳಿಸಿ, ಸೆರಗು ಸರಿಮಾಡಿಕೊಂಡು, "ಬಸ್ಸಿಗೆ ಹೊತ್ತಾತು" ಎಂದು ಹೊರಟಳು.